ತೊಂಬೆಯ ನೀರು, ಮಕ್ಕಳ ಪಾಠ

ಕೊಳವೆಬಾವಿಯನ್ನೇ ಬಹುವಾಗಿ ನೆಚ್ಚಿದ, ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯ ಸೀಮೆಯಲ್ಲಿ, ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸು, ಕೊಡ ತುಂಬಿ ಚೆಲ್ಲದಿರಲಿ, ಕೈತೊಳೆದ ನೀರು ನುಗ್ಗೆಯ ಬುಡಕ್ಕೆ ಹರಿಯಲಿ ಎಂದು ಮಕ್ಕಳಿಗೆ ಕಲಿಸುವುದು ಅವಶ್ಯವೇ ಸರಿ. ಆದರೆ ಮಿತವ್ಯಯದ ಈ ಪಾಠಕ್ಕೆ ಮುನ್ನವೇ ಹೇಳಿಕೊಡಬೇಕಾದ, ನೀರು ಎಲ್ಲರದೆಂಬ ಮತ್ತೊಂದು ಪಾಠವಿದೆಯೆಂಬುದು ನನ್ನ ದೃಢವಾದ ನಂಬಿಕೆ. 2022ರ ನವೆಂಬರಿನಲ್ಲಿ, ಇದೇ ತಾಲ್ಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯ ನೀರು ಕುಡಿದರೆಂಬ ಕಾರಣಕ್ಕೆ, ಕೆಲವರು ತುಂಬಿದ್ದ ನೀರನ್ನೆಲ್ಲ ಹೊರಚೆಲ್ಲಿ ಗೋಮೂತ್ರದಿಂದ ಆ ತೊಂಬೆಯನ್ನು ತೊಳೆದರೆಂಬ ವರದಿ ನಾಡನ್ನೇ ನಾಚಿಸಿತು. ನೀರು ಪೋಲಾಗುವುದಕ್ಕೆ ಇದಕ್ಕಿಂತ ಹೇಯವಾದ ನಿದರ್ಶನವುಂಟೆ? ಬಳಿಕ ತಹಶೀಲ್ದಾರರು ದಲಿತ ಯುವಕರನ್ನು ಕರೆದೊಯ್ದು ಊರಿನ ತೊಂಬೆಗಳ ನೀರನ್ನು ಕುಡಿಸಿದರು. ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಗೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸಂವಿಧಾನದ 15ನೆಯ ವಿಧಿ ಸಾರಿದೆ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದುದೂ ಈ ಹಕ್ಕಿಗಾಗಿಯೇ. ಬಿಸಿಯೂಟದ ಅನಂತರ ಒಂದೇ ನಲ್ಲಿಯಡಿ ತಟ್ಟೆ ತೊಳೆಯುವ ಮಕ್ಕಳಿಗೆ ಉಪಾಧ್ಯಾಯರು ಈ ಎರಡು ವೃತ್ತಾಂತಗಳನ್ನೂ ಊರು, ಇಸವಿಗಳೊಡನೆ ಹೇಳಲಿ. ನಮ್ಮ ಬೀದಿಯ ತೊಂಬೆಗೆ ಯಾರು ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಆ ಮಕ್ಕಳು ಮನೆಯ ಹಿರಿಯರನ್ನು ಕೇಳಲಿ.