ಓಟದ ಕಾರಿನ ಬ್ಯಾಟರಿ: ಒಂದು ಕನ್ನಡ ಪಾಠ

(ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರ ಭಾಷಣ)



ಮಕ್ಕಳು ಎಂಟನೆಯ ತರಗತಿಗೆ ಬರುವ ವೇಳೆಗೆ ಕೆಲವು ಪೋಷಕರು ವರ್ಗಾವಣೆ ಪತ್ರ ಕೇಳಿಕೊಂಡು ನಮ್ಮ ಕೊಠಡಿಗೆ ಬರುತ್ತಾರೆ. ಕಾರಣ ಪ್ರತಿವರ್ಷವೂ ಒಂದೇ: “ಮುಂದಿನ ವಿಜ್ಞಾನ ಕನ್ನಡದಲ್ಲಿ ನಡೆಯದು, ಮೇಡಂ.” ಇದಕ್ಕೆ ವಾದದಿಂದ ಉತ್ತರಿಸುವುದಕ್ಕಿಂತ ಒಂದು ಪಾಠದಿಂದ ಉತ್ತರಿಸುವುದು ಲೇಸೆಂದು ನಮಗೆ ತೋರಿತು. ವಿಷಯವನ್ನು ಮಕ್ಕಳೇ ಆರಿಸಿದರು. 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ವಿದ್ಯುತ್ ಕಾರುಗಳ ಓಟ ನಡೆಯಿತು. ಅಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನು ಕಣ್ಣಾರೆ ಕಂಡವರು. ಪೆಟ್ರೋಲಿನ ಹನಿಯಿಲ್ಲದೆ ಓಡುವ ಆ ಕಾರಿನ ಹೊಟ್ಟೆಯಲ್ಲಿ ಏನಿದೆ ಎಂಬುದು ಮಕ್ಕಳ ಪ್ರಶ್ನೆ.

ಇರುವುದು ಲಿಥಿಯಂ ಅಯಾನು ಬ್ಯಾಟರಿ. ಮನೆಯ ಇನ್ವರ್ಟರಿನ ಬ್ಯಾಟರಿಯನ್ನು ಎತ್ತಿದವರಿಗೆ ಸೀಸದ ಭಾರ ಗೊತ್ತು. ಲಿಥಿಯಂ ಲೋಹಗಳಲ್ಲೆಲ್ಲ ಹಗುರ. ಅದರ ಸಾಂದ್ರತೆ ನೀರಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಕೋಶದೊಳಗೆ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಲೋಹದ ಆಕ್ಸೈಡ್, ನಡುವೆ ಸೂಕ್ಷ್ಮ ರಂಧ್ರಗಳ ತೆಳುಪೊರೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಪೊರೆ ದಾಟಿ ಗ್ರಾಫೈಟಿನ ಪದರಗಳ ಸಂದಿಯಲ್ಲಿ ಕೂರುತ್ತವೆ. ಕಾರು ಓಡುವಾಗ ಮರಳುತ್ತವೆ. ಎಲೆಕ್ಟ್ರಾನುಗಳಿಗೆ ಆ ದಾರಿ ಇಲ್ಲ. ಅವು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತಿನಲ್ಲಿಯೇ ಮೋಟಾರು ತಿರುಗುತ್ತದೆ. ಈ ವಿದ್ಯೆಗೆ ಅಡಿಪಾಯ ಹಾಕಿದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ಗುಡೆನಫ್ ಅವರಿಗೆ ಆಗ 97 ವರ್ಷ! ನಿವೃತ್ತಿಯ ದಿನ ಎಣಿಸುವ ನಮ್ಮಂಥ ಶಿಕ್ಷಕರು ಇದನ್ನು ಗಮನಿಸಬೇಕು.

ಆದರೂ ತೂಕದ ಕಾಟ ತಪ್ಪದು. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದೆ. ಒಂದು ಕಿಲೋ ಒಳ್ಳೆಯ ಲಿಥಿಯಂ ಕೋಶದಲ್ಲಿ ಸುಮಾರು ಕಾಲು ಯೂನಿಟ್. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. 2014ರಲ್ಲಿ ಬೀಜಿಂಗಿನಲ್ಲಿ ಮೊದಲ ಓಟ ನಡೆದಾಗ ಬಳಕೆಗೆ ದೊರೆಯುತ್ತಿದ್ದುದು 28 ಯೂನಿಟ್. ಅದು ಓಟದ ನಡುವೆಯೇ ಮುಗಿಯುತ್ತಿದ್ದುದರಿಂದ, ದಣಿದ ಕುದುರೆಯನ್ನು ಬಿಟ್ಟು ಬೇರೊಂದನ್ನು ಏರುವಂತೆ ಚಾಲಕನು ಇನ್ನೊಂದು ಕಾರಿಗೆ ಹತ್ತುತ್ತಿದ್ದನು. 2018ರ ಕೊನೆಯಲ್ಲಿ ಬಂದ ಎರಡನೆಯ ತಲೆಮಾರಿನ ಕಾರು 52 ಯೂನಿಟ್ ಹೊತ್ತು ಪೂರ್ತಿ ಓಟವನ್ನು ತಾನೇ ಮುಗಿಸಿತು. ಹೈದರಾಬಾದಿನಲ್ಲಿ ಓಡಿದ್ದು ಮೂರನೆಯ ತಲೆಮಾರು. ಅದರಲ್ಲಿ ಇನ್ನೂ ದೊಡ್ಡ ಬ್ಯಾಟರಿ ಇದ್ದೀತೆಂದು ಮಕ್ಕಳು ಊಹಿಸಿದರು. ಇದ್ದದ್ದು 38.5 ಯೂನಿಟ್! ಬ್ಯಾಟರಿಯ ತೂಕ ಸುಮಾರು 100 ಕಿಲೋ ಇಳಿದಿತ್ತು. ಕಾರಿನ ಸಾಮರ್ಥ್ಯ ಮಾತ್ರ 250ರಿಂದ 350 ಕಿಲೋವಾಟಿಗೆ ಏರಿತ್ತು.

ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದು ಬೇರೆ, ಅದರ ಬಾಯಿ ಎಷ್ಟು ಅಗಲ ಎಂಬುದು ಬೇರೆ. ಕೋಶದ ಒಳಪದರಗಳನ್ನು ತೆಳುವಾಗಿಸಿದರೆ ಅಯಾನುಗಳ ದಾರಿ ಗಿಡ್ಡವಾಗಿ ಹರಿವು ಹೆಚ್ಚುತ್ತದೆ, ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಹತ್ತನೆಯ ತರಗತಿಯವರು ಕಪ್ಪುಹಲಗೆಯ ಮೇಲೆ 38.5ನ್ನು 350ರಿಂದ ಭಾಗಿಸಿ 60ರಿಂದ ಗುಣಿಸಿದರು: 6.6 ನಿಮಿಷ. ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಏಳು ನಿಮಿಷದೊಳಗೆ ಎಲ್ಲವೂ ಬರಿದು. ಓಟವೋ ಸುಮಾರು ಮುಕ್ಕಾಲು ಗಂಟೆಯದು. “ಹಾಗಾದರೆ ಉಳಿದದ್ದು ಎಲ್ಲಿಂದ ಬರುತ್ತದೆ, ಟೀಚರ್?” ಎಂದು ಹುಡುಗಿಯೊಬ್ಬಳು ಕೇಳಿದಳು. ಆ ಪ್ರಶ್ನೆಗಾಗಿಯೇ ನಾವು ಕಾದಿದ್ದೆವು.

ಚಾಲಕರು ಎಲ್ಲ ಹೊತ್ತಿನಲ್ಲಿಯೂ ಪೂರ್ಣ ಸಾಮರ್ಥ್ಯ ಬಳಸುವುದಿಲ್ಲ ಎಂಬುದು ಒಂದು. ಇನ್ನೊಂದು, ವೇಗ ತಗ್ಗಿಸುವಾಗ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ. ಮೋಟಾರು ಡೈನಮೋ ಆಗುತ್ತದೆ. 600 ಕಿಲೋವಾಟಿನವರೆಗಿನ ರಭಸದಲ್ಲಿ ವಿದ್ಯುತ್ತು ಬ್ಯಾಟರಿಗೆ ಮರಳುತ್ತದೆ. ಓಟದಲ್ಲಿ ಖರ್ಚಾಗುವ ಶಕ್ತಿಯ ಶೇಕಡಾ 40ರಷ್ಟು ಹೀಗೆ ಗಳಿಸಿದ್ದು. ಅಗಲ ಬಾಯಿಯ ಕೊಡ ಬೇಕಾದದ್ದು ಸುರಿಯುವುದಕ್ಕೆ ಮಾತ್ರವಲ್ಲ, ತುಂಬಿಕೊಳ್ಳುವುದಕ್ಕೂ. ಹೈದರಾಬಾದಿನಲ್ಲಿ ಗೆದ್ದ ವೆರ್ನ್ ಎಂಬ ಚಾಲಕನಿಗೂ ಎರಡನೆಯವನಿಗೂ ಅಂತರ ಅರ್ಧ ಸೆಕೆಂಡೂ ಇರಲಿಲ್ಲ.

ಪೊರೆ ಹರಿದರೆ ಕೋಶದ ಎರಡು ಬದಿಗಳೂ ಕೂಡಿ ಬಿಸಿಯೇರುತ್ತದೆ. ಆ ಬಿಸಿ ಪಕ್ಕದ ಕೋಶವನ್ನೂ ಹಿಡಿಯುತ್ತದೆ. 2023ರ ಅಕ್ಟೋಬರಿನಲ್ಲಿ ಸ್ಪೇನಿನ ವೇಲೆನ್ಸಿಯಾದಲ್ಲಿ ಇಂಥ ಓಟದ ಬ್ಯಾಟರಿಯೊಂದಕ್ಕೆ ಬೆಂಕಿ ಹತ್ತಿ ಪರೀಕ್ಷಾ ಓಟವೇ ನಿಂತಿತ್ತು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಮಕ್ಕಳು ಚುಚ್ಚದಂತೆ ದಯವಿಟ್ಟು ನೋಡಿಕೊಳ್ಳಿ.

ಈ ಪಾಠಕ್ಕೆ ಎರಡು ಅವಧಿ ಹಿಡಿಯಿತು. ಮುಂದಿನ ತಿಂಗಳು ಇದನ್ನೇ ಏಳನೆಯ ತರಗತಿಗೆ ಮಾಡಲಿದ್ದೇವೆ. ವರ್ಗಾವಣೆ ಪತ್ರದ ಅರ್ಜಿ ಬರೆದಿಟ್ಟುಕೊಂಡಿರುವ ಪೋಷಕರು ಅಂದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಬೇಕೆಂದು ಕೋರುತ್ತೇವೆ. ಪ್ರಶ್ನೆ ಕೇಳುವ ಅವಕಾಶ ಮಾತ್ರ ಮೊದಲು ಮಕ್ಕಳಿಗೆ.