ಆಸೆಗೊಂದು ಕ್ರಿಯಾರೂಪ



ವಿದೇಶಿ ಭಾಷೆ ಕಲಿಯುವ ಮಾತೆತ್ತಿದರೆ ನಮ್ಮ ಮಕ್ಕಳು ಹಿಂದೆ ಸರಿಯುತ್ತಾರೆ. "ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್. ಒಂದೂ ನೆಟ್ಟಗೆ ಬಾರದು, ಮತ್ತೊಂದೇಕೆ?" ಎನ್ನುತ್ತಾರೆ. ನಾನೂ ಒಮ್ಮೆ ಹಾಗೆಯೇ ಹೇಳುತ್ತಿದ್ದೆ. ಅದು ತಪ್ಪೆಂದು ನನಗೆ ತಿಳಿಸಿದ್ದು ಕಷ್ಟದ್ದೆಂದು ಹೆಸರಾದ ಸ್ಪ್ಯಾನಿಷ್ ಪಾಠವೊಂದು: ವರ್ತಮಾನ ಕಾಲದ ಸಬ್‌ಜಂಕ್ಟಿವ್.

'ರಹೀಮ್ ಮಾತನಾಡುತ್ತಾನೆ' ಎಂಬುದು ನಡೆಯುವ ಸಂಗತಿ. 'ರಹೀಮ್ ಮಾತನಾಡಲಿ' ಎಂಬುದು ನಮ್ಮ ಬಯಕೆ. ಉರ್ದುವಿನಲ್ಲಿ 'ಬೋಲ್ತಾ ಹೈ', 'ಬೋಲೇ' ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ 'ಆಬ್ಲಾ', 'ಆಬ್ಲೆ'. 'ರಹೀಮ್ ಮಾತನಾಡಲಿ ಎಂದು ಬಯಸುತ್ತೇನೆ' ಎನ್ನಲು 'ಕಿಯೆರೊ ಕೆ ರಹೀಮ್ ಆಬ್ಲೆ' ಎಂದರಾಯಿತು.

ರೂಪಿಸುವ ಕ್ರಮ ಸರಳ. 'ನಾನು ಮಾತನಾಡುತ್ತೇನೆ' ಎಂಬುದಕ್ಕೆ 'ಆಬ್ಲೊ'. ಕೊನೆಯ 'ಒ' ತೆಗೆಯಿರಿ. ಕ್ರಿಯಾಪದದ ಮೂಲರೂಪ 'ಆರ್' ಎಂದು ಮುಗಿದರೆ 'ಎ' ಸೇರಿಸಿ. 'ಏರ್' ಅಥವಾ 'ಈರ್' ಎಂದು ಮುಗಿದರೆ 'ಆ' ಸೇರಿಸಿ. ಹೀಗೆ 'ಆಬ್ಲಾರ್' ಪದದಿಂದ ನಾನು ಆಬ್ಲೆ, ನೀನು ಆಬ್ಲೆಸ್, ಅವನು ಆಬ್ಲೆ, ನಾವು ಆಬ್ಲೇಮೊಸ್, ನೀವು ಆಬ್ಲೇಯಿಸ್, ಅವರು ಆಬ್ಲೆನ್. 'ತಿನ್ನು' ಎಂಬ ಅರ್ಥದ 'ಕೊಮೇರ್' ಪದಕ್ಕೆ ಕೋಮಾ, ಕೋಮಾಸ್, ಕೋಮಾ, ಕೊಮಾಮೊಸ್, ಕೊಮಾಯಿಸ್, ಕೋಮಾನ್. 'ಬರೆ' ಎಂಬ ಅರ್ಥದ 'ಎಸ್ಕ್ರಿಬೀರ್' ಕೂಡ ಇದೇ ದಾರಿ ಹಿಡಿದು 'ಎಸ್ಕ್ರೀಬಾ' ಆಗುತ್ತದೆ.

ಬಯಸುವವನೂ ಮಾಡುವವನೂ ಒಬ್ಬನೇ ಆದರೆ ಈ ರೂಪ ಬೇಡ: 'ಕಿಯೆರೊ ಆಬ್ಲಾರ್'. ಕನ್ನಡದಲ್ಲಿಯೂ ನಾವು ಆಗ 'ಮಾತನಾಡಲು ಬಯಸುತ್ತೇನೆ' ಎನ್ನುತ್ತೇವಲ್ಲವೇ? ಆದರೆ ಎಲ್ಲವೂ ಒಂದೇ ಅಲ್ಲ, ಎಚ್ಚರವಿರಲಿ. ಸಂಶಯ ಹೇಳುವಾಗಲೂ ಸ್ಪ್ಯಾನಿಷ್ ಇದೇ ರೂಪ ಬಳಸುತ್ತದೆ: 'ದೂದೊ ಕೆ ಆಬ್ಲೆ', ಅಂದರೆ ಅವನು ಮಾತನಾಡುವುದು ಅನುಮಾನ. 'ಮಾತನಾಡಬೇಡ' ಎನ್ನಲು 'ನೋ ಆಬ್ಲೆಸ್'. ಇಲ್ಲಿ ಕನ್ನಡದ 'ಅಲಿ' ನೆರವಿಗೆ ಬಾರದು, ಅಭ್ಯಾಸವೇ ಬೇಕು.

ಇನ್ನೊಂದು ಪದವಿದೆ: 'ಒಹಲಾ'. ಇದರ ಮುಂದೆ ಬರುವುದು ಸಬ್‌ಜಂಕ್ಟಿವ್. 711ರಿಂದ 1492ರವರೆಗೆ ಸ್ಪೇನಿನ ನೆಲದಲ್ಲಿ ಮುಸ್ಲಿಂ ಆಳ್ವಿಕೆ ಇತ್ತು. ಅಲ್ಲಿನ ಅರಬ್ಬಿ ಆಡುಮಾತಿನಲ್ಲಿ 'ಅಲ್ಲಾಹನು ಇಚ್ಛಿಸಿದರೆ' ಎಂಬರ್ಥದ ನುಡಿಯೇ 'ಒಹಲಾ' ಆಯಿತು. ಆಳ್ವಿಕೆ ಮುಗಿದರೂ ಪದ ಉಳಿಯಿತು; ಇಂದಿಗೂ ಸ್ಪ್ಯಾನಿಷ್ ಆಡುವ ಯಾವುದೇ ಧರ್ಮದವರು ಆಸೆ ಹೇಳಲು ಅದನ್ನೇ ಬಳಸುತ್ತಾರೆ.

ಮಿತ್ರರೇ, ನಿಮ್ಮ ಮೂರು ಭಾಷೆಗಳು ಹೊರೆಯಲ್ಲ, ಬಂಡವಾಳ. ಹೊಸ ಭಾಷೆಯ ಬಾಗಿಲಲ್ಲಿ ನೀವು ಬರಿಗೈಯಲ್ಲಿ ನಿಂತಿಲ್ಲ. ತಪ್ಪಾದೀತೆಂದು ಹೆದರಬೇಡಿ, ತಪ್ಪಾದರೆ ತಿದ್ದಿಕೊಳ್ಳಿ. 'ಒಹಲಾ ಅಪ್ರೇಂದಾನ್', ನೀವೆಲ್ಲರೂ ಕಲಿಯುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.