ಪುಟ ಸಂಖ್ಯೆ ಎಲ್ಲಿ, ತಮ್ಮಾ?

(ಪದವಿ ವಿದ್ಯಾರ್ಥಿಗಳ ಒಂದು ದಿನದ ಶಿಬಿರದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ಸಂಶೋಧನೆಯ ಬಗ್ಗೆ ಮಾತಾಡಲು ನನ್ನನ್ನು ಕರೆದ ಶಿಬಿರದವರಿಗೆ ಧೈರ್ಯ ಜಾಸ್ತಿ. ಪ್ರೊಫೆಸರುಗಳು ಬೇಕಾದಷ್ಟು ಜನ ಇದ್ದಾರೆ. ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದು ಕೂತವನು. ಆದರೆ ಒಂದು ಲೆಕ್ಕದಲ್ಲಿ ನನ್ನಷ್ಟು ಪ್ರಾಜೆಕ್ಟ್ ರಿಪೋರ್ಟು ನೋಡಿದ ಪ್ರೊಫೆಸರ್ ಸಿಗುವುದು ಕಷ್ಟ. ಅವರ ಮುಂದೆ ಒಂದು ಕಾಲೇಜಿನವು ಬರುತ್ತವೆ. ನನ್ನ ಮುಂದೆ ಬಡಾವಣೆಯ ಎಲ್ಲ ಕಾಲೇಜಿನವೂ ಬರುತ್ತವೆ, ಅದೂ ರಾತ್ರಿ ಎಂಟೂವರೆಗೆ. ಪೆನ್ ಡ್ರೈವ್ ಹಿಡಿದುಕೊಂಡು, "ಅಣ್ಣಾ, ನಾಳೆ ಹತ್ತು ಗಂಟೆಗೆ ಸಬ್ಮಿಟ್ ಮಾಡಬೇಕು, ರೆಕ್ಸಿನ್ ಬೈಂಡಿಂಗ್, ಮೇಲೆ ಚಿನ್ನದ ಅಕ್ಷರ" ಅಂತ.

ಪ್ರೆಸ್ಸಿನವನು ಯಾವ ಬರಹವನ್ನೂ ಹಿಂದಿನಿಂದ ನೋಡುತ್ತಾನೆ. ಒಟ್ಟು ಪುಟ ಎಷ್ಟು ಅಂತ ಗೊತ್ತಾಗಬೇಕಲ್ಲ. ಹಾಗಾಗಿ ನಿಮ್ಮ ರಿಪೋರ್ಟಿನಲ್ಲಿ ನನ್ನ ಕಣ್ಣಿಗೆ ಮೊದಲು ಬೀಳುವುದು ಕೊನೆಯ ಹಾಳೆ. ತಲೆಬರಹ ಭರ್ಜರಿಯಾಗಿರುತ್ತದೆ: "ಆಕರ ಗ್ರಂಥಗಳು". ಕೆಳಗೆ ಏನು? ಗೂಗಲ್. ವಿಕಿಪೀಡಿಯ. ಯೂಟ್ಯೂಬ್. "ವಿವಿಧ ಪುಸ್ತಕಗಳು". ಒಬ್ಬ ಮಹಾನುಭಾವ "ಇಂಟರ್ನೆಟ್" ಅಂತ ಒಂದೇ ಪದ ಬರೆದು ಕೆಳಗೆ ಗೆರೆ ಎಳೆದಿದ್ದ. ಕೋರ್ಟಿನಲ್ಲಿ ಸಾಕ್ಷಿ ಯಾರಪ್ಪಾ ಅಂದರೆ "ಸಂತೆಯಲ್ಲಿದ್ದ ಜನ" ಅಂದ ಹಾಗಾಯಿತು ಇದು.

ಇದನ್ನೆಲ್ಲ ನಗಲು ಹೇಳುತ್ತಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಹಲ್ಮಿಡಿ ಶಾಸನದ ಮೇಲೆ ಬರೆದ ಒಂದು ವರದಿ ಬೈಂಡಿಂಗಿಗೆ ಬಂತು. ಒಳಗೆ ಚೆನ್ನಾಗಿಯೇ ಬರೆದಿದ್ದರು. ಆಕರ ಎಂದು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟವನ್ನು ಕೊಟ್ಟಿದ್ದರು. ರೈಸ್ ದೊಡ್ಡ ಕೆಲಸಗಾರ, ಎಂಟು ಸಾವಿರಕ್ಕೂ ಹೆಚ್ಚು ಶಾಸನಗಳನ್ನು ಅಚ್ಚು ಮಾಡಿಸಿದವರು. ಆದರೆ ಅವರ ಹಾಸನ ಸಂಪುಟ ಅಚ್ಚಾದದ್ದು 1902ರಲ್ಲಿ. ಅವರು ತೀರಿಕೊಂಡದ್ದು 1927ರಲ್ಲಿ. ಹಲ್ಮಿಡಿಯ ಕಲ್ಲನ್ನು ಡಾ. ಎಂ.ಎಚ್. ಕೃಷ್ಣ ಲೋಕಕ್ಕೆ ತೋರಿಸಿದ್ದು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ. ಹುಟ್ಟದ ಮಗುವಿನ ನಾಮಕರಣಕ್ಕೆ ಊಟ ಮಾಡಿ ಬಂದೆ ಅಂದಂತೆ! ಆ ಹುಡುಗಿ ಸುಳ್ಳು ಹೇಳಬೇಕು ಅಂತ ಬರೆದಿರಲಿಲ್ಲ. ಹಳೆಯ ಶಾಸನ ಅಂದಮೇಲೆ ರೈಸ್ ಪುಸ್ತಕದಲ್ಲಿ ಇದ್ದೇ ಇರುತ್ತದೆ ಅಂತ ಯಾರೋ ಹೇಳಿದ್ದನ್ನು ಬರೆದಿದ್ದಳು. ಪುಸ್ತಕ ತೆರೆದು ನೋಡಿರಲಿಲ್ಲ. ನೋಡದ ಪುಸ್ತಕವನ್ನು ಆಕರದ ಪಟ್ಟಿಗೆ ಸೇರಿಸುವುದೇ ಎಲ್ಲ ಅನಾಹುತದ ತಾಯಿ.

ಅದೇ ಶಾಸನದ ಕಾಲವನ್ನೇ ನೋಡಿ. ನಾವೆಲ್ಲ "ಕ್ರಿ.ಶ. 450" ಅಂತ ಬಾಯಿಪಾಠ ಮಾಡಿದ್ದೇವೆ. ಆ ಹದಿನಾರು ಸಾಲಿನಲ್ಲಿ ಇಸವಿಯೇ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು ಇವನ್ನೆಲ್ಲ ನೋಡಿ ವಿದ್ವಾಂಸರು ಅಂದಾಜು ಮಾಡಿದ್ದು 450. ಬೇರೆ ವಿದ್ವಾಂಸರು ಬೇರೆ ಅಂದಾಜು ಕೊಟ್ಟಿದ್ದಾರೆ. 2013ರಲ್ಲಿ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಸಿಂಹಕಟಾಂಜನದ ಶಾಸನ ಸಿಕ್ಕಮೇಲೆ, ಅದು ಇನ್ನೂ ಹಳೆಯದು, 370ರದ್ದು ಎಂಬ ವಾದವೂ ಬಂತು. ನಿಮ್ಮ ವರದಿಯಲ್ಲಿ "ಸುಮಾರು 450, ಇಂಥವರ ಅಭಿಪ್ರಾಯ, ಇಂಥ ಪುಸ್ತಕ, ಇಂಥ ಪುಟ" ಅಂತ ಬರೆದರೆ ಯಾವ ಪರೀಕ್ಷಕನೂ ಅಲ್ಲಾಡಿಸಲಾರ. "450ರಲ್ಲಿ ಬರೆಯಲಾಯಿತು" ಅಂತ ಗುಂಡು ಹೊಡೆದ ಹಾಗೆ ಬರೆದರೆ, ವೈವಾದಲ್ಲಿ "ಯಾರು ಹೇಳಿದ್ದು?" ಎಂಬ ಒಂದೇ ಪ್ರಶ್ನೆಗೆ ನೀವು ಅಂಗಾತ.

ಈಗ ನನ್ನ ಕಸುಬಿನ ಮಾತು. ಪುಸ್ತಕದ ಶೀರ್ಷಿಕೆಯ ಹಾಳೆ ತಿರುವಿದರೆ ಹಿಂದೆ ಸಣ್ಣ ಅಕ್ಷರದ ಒಂದು ಪುಟ ಇರುತ್ತದೆ. ಲೇಖಕ, ಪ್ರಕಾಶಕ, ಊರು, ಇಸವಿ, ಎಷ್ಟನೆಯ ಮುದ್ರಣ, ಎಲ್ಲಿ ಅಚ್ಚಾಯಿತು. ನಿಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಅದನ್ನು ಓದುವುದಿಲ್ಲ. ಬ್ರಿಟಿಷರು 1867ರಲ್ಲೇ ಕಾನೂನು ಮಾಡಿದ್ದರು: ಅಚ್ಚಾದ ಪ್ರತಿ ಪುಸ್ತಕದ ಮೇಲೂ ಮುದ್ರಕನ ಹೆಸರು, ಅಚ್ಚಾದ ಊರು ಇರಬೇಕು ಅಂತ. ಅವರ ಉದ್ದೇಶ ನಮ್ಮ ಜ್ಞಾನ ಬೆಳೆಸುವುದಾಗಿರಲಿಲ್ಲ. ಸರ್ಕಾರದ ವಿರುದ್ಧ ಬರೆದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಅಂತ ಗೊತ್ತಿರಲಿ ಎಂಬ ಲೆಕ್ಕಾಚಾರ. ಆ ಕಾನೂನು ಹೋಗಿ 2023ರಲ್ಲಿ ಹೊಸ ಕಾಯ್ದೆ ಬಂತು, 2024ರ ಮಾರ್ಚಿನಿಂದ ಜಾರಿಯಾಯಿತು. ಅದರಲ್ಲಿ ಪುಸ್ತಕಗಳ ಮಾತೇ ಇಲ್ಲ, ಪತ್ರಿಕೆಗಳದ್ದು ಮಾತ್ರ. ಅದೇನೇ ಇರಲಿ, ಒಂದೂವರೆ ಶತಮಾನ ಆ ಕಾನೂನಿನ ಕೆಳಗೆ ಅಚ್ಚಾದ ಪುಸ್ತಕಗಳಲ್ಲಿ ಜವಾಬ್ದಾರಿ ಹೊತ್ತವನ ಹೆಸರು ಇರುತ್ತದೆ. ವಾಟ್ಸಾಪಿನ ಸಂದೇಶಕ್ಕೆ ಕೊರಳೂ ಇಲ್ಲ, ಪಟ್ಟಿಯೂ ಇಲ್ಲ. ಆಕರವನ್ನು ನಂಬುವ ಮೊದಲು ನೋಡಬೇಕಾದ್ದು ಇದನ್ನೇ: ಈ ಮಾತಿಗೆ ಹೊಣೆ ಯಾರು?

ಇನ್ನು "ಆವೃತ್ತಿ" ಬೇರೆ, "ಮುದ್ರಣ" ಬೇರೆ. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಬಂತು. ಅದನ್ನೇ ಇದ್ದ ಹಾಗೆ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದರೆ ಪುಟ ಸಂಖ್ಯೆ ಬದಲಾಗುವುದಿಲ್ಲ. ಅದು ಮರುಮುದ್ರಣ. ಆದರೆ ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟದಲ್ಲಿ ತಂದದ್ದು ಹೊಸ ಆವೃತ್ತಿ. ಅಕ್ಷರ ಹೊಸದಾಗಿ ಜೋಡಿಸಿದ್ದು, ಪುಟಗಳೆಲ್ಲ ಬೇರೆ. "ಕಿಟೆಲ್, ಪುಟ 412" ಅಂತಷ್ಟೇ ಬರೆದರೆ ಓದುವವನು ಯಾವ ಕಿಟೆಲ್ಲಿನಲ್ಲಿ ಹುಡುಕಬೇಕು? ಶಾಸನಗಳ ಕಥೆಯೂ ಹೀಗೇ. ರೈಸರ ಹಳೆಯ ಕ್ರಮದಲ್ಲಿ ಬೇಲೂರು ಐದನೆಯ ಸಂಪುಟದಲ್ಲಿದೆ. ಮೈಸೂರು ವಿಶ್ವವಿದ್ಯಾಲಯ ಪರಿಷ್ಕರಿಸಿದ ಮಾಲೆಯಲ್ಲಿ ಒಂಬತ್ತನೆಯದರಲ್ಲಿದೆ.

ಇಸವಿ ಯಾಕೆ ಬೇಕು ಅಂತ ಕೇಳುವವರಿಗೆ ಇನ್ನೊಂದು ಮಾತು. "ಜ್ಞಾನಪೀಠ ಅತಿ ಹೆಚ್ಚು ಬಂದಿರುವುದು ಕನ್ನಡಕ್ಕೆ" ಅಂತ ನಾವು ರಾಜ್ಯೋತ್ಸವದ ವೇದಿಕೆ ಮೇಲೆ ಕೂಗುತ್ತಲೇ ಇದ್ದೇವೆ. 1998ರ ಕಾರ್ನಾಡರ ಪ್ರಶಸ್ತಿಗೆ ಕನ್ನಡಕ್ಕೆ ಏಳಾಗಿತ್ತು, ಹಿಂದಿಗೆ ಆಗ ಐದು. ಆ ಕಾಲದ ಪುಸ್ತಕದಲ್ಲಿ ಹಾಗೆ ಬರೆದಿದ್ದರೆ ಅದು ಸತ್ಯ. ಆಮೇಲೆ 2010ರ ಕಂಬಾರರ ಪ್ರಶಸ್ತಿ ಸೇರಿ ನಮಗೆ ಎಂಟಾಯಿತು. ಅಷ್ಟರಲ್ಲಿ ಹಿಂದಿಯಲ್ಲಿ ನಿರ್ಮಲ್ ವರ್ಮಾ, ಕುಂವರ್ ನಾರಾಯಣ್, ಅಮರಕಾಂತ್, ಶ್ರೀಲಾಲ್ ಶುಕ್ಲ ಎಲ್ಲ ಬಂದು, ಪ್ರಶಸ್ತಿ ಪಡೆದ ಲೇಖಕರ ಲೆಕ್ಕದಲ್ಲಿ ಅವರು ಮುಂದೆ ಹೋದರು. 2013, 2017, 2024ರ ಪ್ರಶಸ್ತಿಗಳೂ ಹಿಂದಿಗೇ. ಹಳೆಯ ಪುಸ್ತಕ ಸುಳ್ಳು ಹೇಳಲಿಲ್ಲ. ಇಸವಿ ನೋಡದೆ ಎತ್ತಿಕೊಂಡ ನಾವು ಅದರ ಬಾಯಲ್ಲಿ ಸುಳ್ಳು ಹೇಳಿಸಿದೆವು. ಎದುರಿಗೆ ಕೂತ ಹಿಂದಿಯವನು ಮೊಬೈಲ್ ತೆಗೆದು ಪಟ್ಟಿ ತೋರಿಸಿದರೆ, ನಮ್ಮ ಉಳಿದ ನ್ಯಾಯವಾದ ಮಾತಿಗೂ ಬೆಲೆ ಹೋಗುತ್ತದೆ. ಎಂಟು ಜ್ಞಾನಪೀಠ ಕಡಿಮೆಯೇನು? ಇರುವುದನ್ನು ಇದ್ದ ಹಾಗೆ ಹೇಳಿದರೆ ಸಾಲದೆ?

ವಿನೋಬಾ ಭಾವೆ ಕನ್ನಡ ಲಿಪಿಯನ್ನು ಲಿಪಿಗಳ ರಾಣಿ ಅಂದರು ಅಂತ ನಾನೇ ಎಷ್ಟೋ ಭಿತ್ತಿಪತ್ರ ಅಚ್ಚು ಹಾಕಿಕೊಟ್ಟಿದ್ದೇನೆ. ಯಾವ ಭಾಷಣ, ಯಾವ ಊರು, ಯಾವ ಪುಸ್ತಕ ಅಂತ ಆರ್ಡರ್ ಕೊಡಲು ಬಂದವರನ್ನೆಲ್ಲ ಕೇಳುತ್ತೇನೆ. "ಎಲ್ಲರಿಗೂ ಗೊತ್ತು ಬಿಡಿ ಸಾರ್" ಅನ್ನುತ್ತಾರೆ. ಇಲ್ಲಿ ಯಾರಿಗಾದರೂ ಪುಟ ಸಂಖ್ಯೆ ಸಮೇತ ಸಿಕ್ಕಿದರೆ ತಂದುಕೊಡಿ, ನಿಮ್ಮ ರಿಪೋರ್ಟಿನ ಬೈಂಡಿಂಗ್ ಪುಕ್ಕಟೆ. ಭಿತ್ತಿಪತ್ರಕ್ಕೆ ಅದು ನಡೆಯಬಹುದು. ಸಂಶೋಧನಾ ವರದಿಗೆ "ಎಲ್ಲರಿಗೂ ಗೊತ್ತು" ಅನ್ನುವುದು ಆಕರವಲ್ಲ.

ಅಂಕಿಸಂಖ್ಯೆಯ ವಿಷಯಕ್ಕೆ ಬನ್ನಿ. ಬೆಂಗಳೂರಿನಲ್ಲಿ ಕನ್ನಡಿಗರು ಇಷ್ಟು ಪರ್ಸೆಂಟ್ ಅಂತ ಒಬ್ಬೊಬ್ಬ ಒಂದೊಂದು ಹೇಳುತ್ತಾನೆ. ಮೂಲ ಒಂದೇ, ಜನಗಣತಿ. ಅದರಲ್ಲಿ ಸಿ-16 ಅಂತ ಒಂದು ಕೋಷ್ಟಕ ಇದೆ, ಅದು ಮಾತೃಭಾಷೆಯದ್ದು. ಸಿ-17 ಇನ್ನೊಂದು, ಎರಡನೆಯ ಮೂರನೆಯ ಭಾಷೆಯಾಗಿ ಯಾರಿಗೆ ಏನು ಬರುತ್ತದೆ ಎಂಬುದು. ಮನೆಯಲ್ಲಿ ತೆಲುಗೋ ಉರ್ದುವೋ ತುಳುವೋ ಆಡಿ ಬೀದಿಯಲ್ಲಿ ಅಚ್ಚಗನ್ನಡ ಮಾತಾಡುವವರು ಮೊದಲನೆಯದರಲ್ಲಿ ಕನ್ನಡದ ಲೆಕ್ಕಕ್ಕೆ ಸಿಗುವುದಿಲ್ಲ, ಎರಡನೆಯದರಲ್ಲಿ ಸಿಗುತ್ತಾರೆ. ಯಾವ ಕೋಷ್ಟಕ ಅಂತ ಬರೆಯದೆ ಸಂಖ್ಯೆ ಮಾತ್ರ ಕೊಟ್ಟರೆ ಅದಕ್ಕೆ ಅರ್ಥವೇ ಇಲ್ಲ. 2011ರ ಗಣತಿಯಲ್ಲಿ ದೇಶದಲ್ಲಿ ಕನ್ನಡ ಸುಮಾರು 4 ಕೋಟಿ 37 ಲಕ್ಷ ಜನರ ಮಾತೃಭಾಷೆ. ಆ ತಲೆಬರಹದ ಒಳಗೆ ನೀಲಗಿರಿಯ ಬಡಗ ಭಾಷೆಯ 1 ಲಕ್ಷ 33 ಸಾವಿರ ಜನವೂ ಸೇರಿದ್ದಾರೆ. ಸರಿಯೋ ತಪ್ಪೋ ಅದು ಬೇರೆ ಜಗಳ, ಆದರೆ ಕೋಷ್ಟಕ ತೆರೆದವನಿಗೆ ಮಾತ್ರ ಅದು ಗೊತ್ತಾಗುತ್ತದೆ. ಈ ಭಾಷಾ ಕೋಷ್ಟಕಗಳು ಹೊರಬಂದದ್ದೇ 2018ರಲ್ಲಿ. 2021ರಲ್ಲಿ ನಡೆಯಬೇಕಿದ್ದ ಗಣತಿ ಆಗ ನಡೆಯಲಿಲ್ಲ. ಆದ್ದರಿಂದ "2021ರ ಗಣತಿ ಪ್ರಕಾರ" ಅಂತ ಯಾರಾದರೂ ಬರೆದುಕೊಟ್ಟರೆ ಆ ಹಾಳೆಯನ್ನು ಬಜ್ಜಿ ಕಟ್ಟಲು ಕೊಡಿ.

ಸರೋಜಿನಿ ಮಹಿಷಿ ವರದಿಯ ಹೆಸರು ಹೇಳದ ಕನ್ನಡ ಸಭೆ ಇಲ್ಲ. ಓದಿದವರು ಎಷ್ಟು ಜನ? ಕೈ ಎತ್ತಿ ನೋಡೋಣ. ಸಮಿತಿ ಆದದ್ದು 1983ರಲ್ಲಿ, ಅಂತಿಮ ವರದಿ 1986ರಲ್ಲಿ. 58 ಶಿಫಾರಸುಗಳು. ಸಿ ಮತ್ತು ಡಿ ವರ್ಗದ ಹುದ್ದೆಗೆ ಒಂದು ಪ್ರಮಾಣ, ಬಿ ವರ್ಗಕ್ಕೆ ಇನ್ನೊಂದು, ಎ ವರ್ಗಕ್ಕೆ ಮತ್ತೊಂದು. ನಾವು ಎಲ್ಲವನ್ನೂ ಕಲಸಿ "ನೂರಕ್ಕೆ ನೂರು" ಅಂತ ಮನವಿಪತ್ರ ಬರೆಯುತ್ತೇವೆ. ಮನವಿಪತ್ರಗಳ ಅಚ್ಚು ನನ್ನಲ್ಲೇ ಆಗುವುದರಿಂದ ಗೊತ್ತು. ಕಾರ್ಖಾನೆಯ ಅಧಿಕಾರಿ ತಣ್ಣಗೆ ಕೇಳುತ್ತಾನೆ, "ಎಷ್ಟನೆಯ ಶಿಫಾರಸು? ಸರ್ಕಾರ ಅದನ್ನು ಒಪ್ಪಿದ ಆದೇಶದ ಸಂಖ್ಯೆ ಏನು, ತಾರೀಖು ಏನು?" ಆಗ ಘೋಷಣೆ ಕೂಗಿದ ಐವತ್ತು ಜನ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ನಿಮ್ಮಲ್ಲಿ ಒಬ್ಬರು ಈ ವರದಿಯನ್ನೇ ಪ್ರಾಜೆಕ್ಟಿಗೆ ತೆಗೆದುಕೊಂಡು, ಯಾವುದು ಜಾರಿಯಾಯಿತು, ಯಾವುದು ಇಲ್ಲ ಎಂದು ಆದೇಶದ ಸಂಖ್ಯೆ ಸಮೇತ ಬರೆದರೆ ನೂರು ಭಾಷಣಕ್ಕಿಂತ ದೊಡ್ಡ ಉಪಕಾರ. ಆದೇಶದ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2005ರ ಕಾಯ್ದೆ ಇರುವುದು ನಿಮಗಾಗಿಯೇ.

ಇಂಟರ್ನೆಟ್ಟು ಬೇಡ ಅಂತ ನಾನು ಹೇಳುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ರಾಶಿ ಬಿದ್ದಿವೆ. ಅಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅಡ್ಡಾದಿಡ್ಡಿ ಬರೆದಿದ್ದಾರೆ. ನಾಲ್ಕಾರು ರೀತಿ ಬರೆದು ಹುಡುಕಬೇಕು. ಶೋಧಗಂಗಾದಲ್ಲಿ ಪಿಎಚ್.ಡಿ. ಪ್ರಬಂಧಗಳಿವೆ, ಭಾರತವಾಣಿಯಲ್ಲಿ ನಿಘಂಟುಗಳಿವೆ. ವಿಕಿಪೀಡಿಯ ನೋಡಿ, ಆದರೆ ಲೇಖನದ ಕೆಳಗೆ ಸಣ್ಣ ಅಂಕಿ ಹಾಕಿ ಕೊಟ್ಟ ಮೂಲಕ್ಕೆ ಹೋಗಿ, ಅದನ್ನು ಓದಿ, ಅದನ್ನೇ ಉಲ್ಲೇಖಿಸಿ. ಮೂಲವೇ ಕೊಟ್ಟಿಲ್ಲದಿದ್ದರೆ ಬಿಟ್ಟುಬಿಡಿ. ಈಗ ಹೊಸ ಅವಾಂತರ ಶುರುವಾಗಿದೆ: ಚಾಟ್ ಜಿಪಿಟಿ. ಅದನ್ನು ಆಕರ ಕೇಳಿದರೆ ಲೇಖಕ, ಪ್ರಕಾಶಕ, ಇಸವಿ, ಪುಟ ಎಲ್ಲ ಹಾಕಿ ಕೊಟ್ಟುಬಿಡುತ್ತದೆ. ಎಷ್ಟೋ ಸಲ ಅಂಥ ಪುಸ್ತಕ ಭೂಮಿ ಮೇಲೇ ಇರುವುದಿಲ್ಲ. ಅಚ್ಚೇ ಆಗದ ಪುಸ್ತಕಕ್ಕೆ ಪುಟ ಸಂಖ್ಯೆ ಕೊಡುವ ಯಂತ್ರ ನೋಡಿ ಪ್ರೆಸ್ಸಿನವನಾದ ನನಗೆ ಬೆವರು ಬಂತು. ಗ್ರಂಥಾಲಯದ ಪಟ್ಟಿಯಲ್ಲಿ ಆ ಪುಸ್ತಕ ಕಂಡು, ಕೈಗೆ ಸಿಕ್ಕಿ, ಆ ಪುಟ ಓದಿದ ಮೇಲೆ ಬರೆಯಿರಿ.

ಬರೆಯುವ ಕ್ರಮ ಬ್ರಹ್ಮವಿದ್ಯೆಯಲ್ಲ. ಲೇಖಕ, ಪುಸ್ತಕ, ಆವೃತ್ತಿ, ಪ್ರಕಾಶಕ, ಊರು, ಇಸವಿ, ಪುಟ. ಪತ್ರಿಕೆಯಾದರೆ ತಾರೀಖು. ಜಾಲತಾಣವಾದರೆ ವಿಳಾಸದ ಜತೆ ನೀವು ನೋಡಿದ ದಿನ, ಯಾಕೆಂದರೆ ನಾಳೆ ಅದು ಇರುತ್ತದೋ ಇಲ್ಲವೋ. ವಿಡಿಯೋ ಆದರೆ ಎಷ್ಟನೆಯ ನಿಮಿಷ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ವ್ಯಾಪಾರಿಯನ್ನೋ ಪೀಣ್ಯದ ಕಾರ್ಮಿಕನನ್ನೋ ಮಾತಾಡಿಸಿದ್ದರೆ ಅದೂ ಗಟ್ಟಿ ಆಕರವೇ: ಹೆಸರು ಹಾಕಲು ಅವರ ಒಪ್ಪಿಗೆ ಪಡೆದು, ಊರು, ತಾರೀಖು ಬರೆಯಿರಿ. ಇದನ್ನೆಲ್ಲ ಓದುವಾಗಲೇ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಸಬ್ಮಿಟ್ ಮಾಡುವ ಹಿಂದಿನ ರಾತ್ರಿ ನನ್ನ ಪ್ರೆಸ್ಸಿನ ಕಟ್ಟೆ ಮೇಲೆ ಕೂತು ನೆನಪಿಸಿಕೊಂಡರೆ ಬರುವುದಿಲ್ಲ.

ಬೇರೆಯವರ ವಾಕ್ಯ ಎತ್ತಿಕೊಂಡರೆ ಉದ್ಧರಣ ಚಿಹ್ನೆ ಹಾಕಿ. ಪದ ಬದಲಾಯಿಸಿದರೂ ವಿಚಾರ ಅವರದ್ದೇ, ಹೆಸರು ಹಾಕಲೇಬೇಕು. ಕೃತಿಚೌರ್ಯಕ್ಕೆ ಯುಜಿಸಿ 2018ರಲ್ಲಿ ನಿಯಮ ಮಾಡಿದೆ. ಹತ್ತು ಪರ್ಸೆಂಟ್ ದಾಟಿದರೆ ತಿದ್ದಿ ಮತ್ತೆ ಕೊಡಬೇಕು, ಅರವತ್ತು ದಾಟಿದರೆ ನೋಂದಣಿಯೇ ರದ್ದು. ಹೋದ ವರ್ಷದ ಅಣ್ಣನ ರಿಪೋರ್ಟಿನ ಮುಖಪುಟ ಮಾತ್ರ ಬದಲಾಯಿಸಿ ತರುವವರಿಗೆ ಒಂದು ಮಾತು: ಆ ಅಣ್ಣನ ಫೈಲೂ ನನ್ನ ಕಂಪ್ಯೂಟರಿನಲ್ಲೇ ಇದೆ.

ಎಲ್ಲಿ ಹುಡುಕಬೇಕು ಅಂತ ಕೇಳಿದಿರಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯದ ಮುಂದೆ ಸೆಲ್ಫಿ ತೆಗೆದುಕೊಂಡಿದ್ದೀರಿ, ಒಳಗೂ ಹೋಗಿ. ನೃಪತುಂಗ ರಸ್ತೆಯಲ್ಲಿ ಮಿಥಿಕ್ ಸೊಸೈಟಿ ಇದೆ, 1909ರದ್ದು. ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತು ಇದೆ, 1915ರದ್ದು. ಪರಿಷತ್ತಿನ ಎಂಟು ಸಂಪುಟದ ನಿಘಂಟಿನಲ್ಲಿ ಪ್ರತಿ ಅರ್ಥದ ಪಕ್ಕದಲ್ಲೂ ಆ ಪದ ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಬಂದಿದೆ ಅಂತ ಕೊಟ್ಟಿದ್ದಾರೆ. ಉಲ್ಲೇಖ ಹೇಗೆ ಮಾಡಬೇಕು ಅಂತ ಕಲಿಯಲು ಅದರ ಯಾವುದಾದರೂ ಒಂದು ಪುಟ ಸಾಕು. ಈ ಶನಿವಾರ ಹೋಗುವವರು ಪೆನ್ನು, ನೋಟ್‌ಬುಕ್ಕು, ಗುರುತಿನ ಚೀಟಿ ಜತೆಗಿಟ್ಟುಕೊಳ್ಳಿ. ಕಪಾಟಿನಲ್ಲಿ ಕಾಣದ ಪುಸ್ತಕವನ್ನು ಗ್ರಂಥಪಾಲಕರನ್ನು ಕೇಳಿ, ಬಾಯಿಬಿಟ್ಟು, ಕನ್ನಡದಲ್ಲೇ ಕೇಳಿ.